ಒಂದೇ ಕಿರುಚಾಟದ ಹತ್ತು ದಿನ

ಮಂಗಳವಾರ ಬೆಳಿಗ್ಗೆ 10:40ಕ್ಕೆ ನೀರು ಸರಬರಾಜು ಕಚೇರಿಯ ಎಂಜಿನಿಯರ್ ಠಾಣೆಯೊಳಗೆ ಬಹುತೇಕ ಓಡಿಯೇ ಬಂದರು. ಕಂಕುಳಲ್ಲಿ ಕಾಗದದ ಸುರುಳಿ.

"ಸಾರ್, ಹತ್ತು ದಿನದಿಂದ ಊರಿಗೆ ಎಂಥ ನೀರು ಹೋಗ್ತಿದೆ ಅಂತ ನಮಗೇ ಗೊತ್ತಿಲ್ಲ."

ಇನ್ಸ್‌ಪೆಕ್ಟರ್ ಕುರ್ಚಿ ತೋರಿಸಿದರು. "ಕೂತ್ಕೊಂಡು ಹೇಳಿ."

ಪಂಪ್‌ಹೌಸಿನಿಂದ ದಿನಾ ಹತ್ತು ಗಂಟೆಗೆ ಕಚೇರಿಗೆ ಫೋನ್ ಬರುತ್ತದೆ. ಅಲ್ಲಿನ ಮೋಡೆಮ್ ಒಂದು ನಿಮಿಷ ಕೀ ಎಂದು ಕಿರುಚುತ್ತದೆ. ಕಚೇರಿಯ ಯಂತ್ರ ಆ ಸದ್ದನ್ನು ಅಂಕಿಗಳಾಗಿ ಅಚ್ಚು ಹಾಕುತ್ತದೆ. ನೀರಿನಲ್ಲಿ ಕ್ಲೋರಿನ್ ಎಷ್ಟು, ತೊಟ್ಟಿಯ ಮಟ್ಟ ಎಷ್ಟು, ಎಲ್ಲವೂ ಅದರಲ್ಲಿರುತ್ತದೆ. ಹತ್ತು ದಿನವೂ ಅಂಕಿ ಒಂದೇ; ನಡುವೆ ಕೆಟ್ಟ ಕೆಲವು ಅಕ್ಷರ ಬಿಟ್ಟರೆ ಒಂದು ಚುಕ್ಕೆಯೂ ಆಚೀಚೆಯಿಲ್ಲ.

"ಹತ್ತು ದಿನ ಯಾರೂ ಓದ್ಲಿಲ್ವಾ?"

ಎಂಜಿನಿಯರ್ ಕರವಸ್ತ್ರದಿಂದ ಮುಖ ಒರೆಸಿಕೊಂಡರು. "ಫೈಲಿಗೆ ಹಾಕ್ತಾರೆ ಸಾರ್. ಫೈಲ್ ತುಂಬಿದ್ಮೇಲೆ ಓದೋದು."

11:05ಕ್ಕೆ ಎಫ್‌ಐಆರ್ ದಾಖಲಾಯಿತು. 11:20ಕ್ಕೆ ನಲ್ಲಿ ನೀರಿನ ಆರು ಬಾಟಲಿ ಮೊಹರಾಗಿ ಪ್ರಯೋಗಾಲಯಕ್ಕೆ ಹೋದವು. ಆಮೇಲೆ ಇನ್ಸ್‌ಪೆಕ್ಟರ್ ಸುರುಳಿಯನ್ನು ಮೇಜಿನ ಉದ್ದಕ್ಕೂ ಬಿಡಿಸಿ, ಹೆಡ್ ಕಾನ್‌ಸ್ಟೆಬಲ್‌ನನ್ನು ಕರೆದರು. ಬಿಡುವಿನಲ್ಲಿ ಊರವರ ರೇಡಿಯೋ ರಿಪೇರಿ ಮಾಡುವ ಆತನನ್ನು ಠಾಣೆಯಲ್ಲಿ ಎಲ್ಲರೂ ರೇಡಿಯೋ ಮಾಮ ಎನ್ನುತ್ತಿದ್ದರು.

"ಇಲ್ನೋಡು ಮಾಮ. ಆರನೇ ದಿನ ಎರಡು ಅಕ್ಷರ ಕೆಟ್ಟಿವೆ. ಏಳನೇ ದಿನ ಐದು, ಎಂಟನೇ ದಿನ ಹನ್ನೊಂದು. ಒಂಬತ್ತಕ್ಕೆ ಎಲ್ಲಾ ಸರಿ."

"ಲೈನ್ ದೋಷ," ಎಂದರು ಎಂಜಿನಿಯರ್.

ರೇಡಿಯೋ ಮಾಮ ಕಿಸಕ್ಕನೆ ನಕ್ಕ. "ಲೈನ್ ಕೆಟ್ರೆ ಹೇಗೆ ಬೇಕಾದ್ರೂ ಕೆಡುತ್ತೆ ಸಾರ್, ಹಿಂಗೆ ಮೆಟ್ಟಿಲು ಇಳ್ದಂಗೆ ಕೆಡಲ್ಲ. ಇದು ಟೇಪ್ ರೆಕಾರ್ಡರು! ಯಾವುದೋ ಒಂದು ದಿನದ ಕಿರುಚಾಟ ಹಿಡ್ದಿಟ್ಕೊಂಡು ದಿನಾ ಫೋನಿಗೆ ಅದನ್ನೇ ಕೇಳಿಸ್ತಿದ್ದಾರೆ. ಸೆಲ್ ವೀಕ್ ಆದ್ರೆ ಹಾಡು ಅಳೋಕೆ ಶುರು ಮಾಡುತ್ತಲ್ಲ? ಕಿರುಚೋದೂ ಹಂಗೇ ಅತ್ತಿದೆ. ಒಂಬತ್ತನೇ ದಿನ, ಅಂದ್ರೆ ನಿನ್ನೆ, ಹೊಸ ಸೆಲ್ ಬಿದ್ದಿದೆ, ಅಷ್ಟೇ."

12:30ಕ್ಕೆ ದೂರವಾಣಿ ಕೇಂದ್ರ ಖಚಿತಪಡಿಸಿತು: ಹತ್ತೂ ಕರೆಗಳು ಪಂಪ್‌ಹೌಸಿನ ಫೋನಿನಿಂದಲೇ ಬಂದಿವೆ. ಬೆಳಗಿನ ಪಾಳಿಯಲ್ಲಿ ಅಲ್ಲಿರುವವರು ಇಬ್ಬರು. ಅವರಲ್ಲಿ ಯಾರು ಎಂಬುದು ಪಂಪ್‌ಹೌಸಿನ ಎದುರಿನ ಅಂಗಡಿಯಲ್ಲಿ ತಿಳಿಯಿತು.

"ಭಾನುವಾರ ಸಂಜೆ ಸೆಲ್ ಯಾರಾದ್ರೂ ಕೊಂಡ್ರಾ?"

"ಪಂಪಕ್ಕ. ನಾಲ್ಕು," ಎಂದ ಅಂಗಡಿಯವನು. "ಹಾಡು ಕೇಳೋಕಾ ಅಕ್ಕ ಅಂದೆ. ಅಲ್ಲಪ್ಪ, ಊರಿಗೆ ನೀರು ಕುಡ್ಸೋಕೆ ಅಂದ್ರು. ತಮಾಷೆ ಅಂದ್ಕೊಂಡೆ."

ಪಂಪಕ್ಕ ಇಪ್ಪತ್ತೆರಡು ವರ್ಷದಿಂದ ಆ ಪಂಪ್ ನಡೆಸುತ್ತಿದ್ದ ಹೆಂಗಸು. ಮಧ್ಯಾಹ್ನ 2:15ಕ್ಕೆ ಪೊಲೀಸರು ಎಂಜಿನಿಯರ್ ಜೊತೆ ಬಂದಾಗ ಆಕೆ ಓಡಲಿಲ್ಲ. ಗ್ರೀಸ್ ಹತ್ತಿದ ಕೈ ಒರೆಸಿಕೊಂಡು, ತಾನೇ ಬೀರು ತೆಗೆದಳು. ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು: ಟೇಪ್ ರೆಕಾರ್ಡರ್ ಒಂದು, ಕ್ಯಾಸೆಟ್ ಒಂದು. ರೇಡಿಯೋ ಮಾಮ ಗುಂಡಿ ಒತ್ತಿದ್ದೇ ತಡ, ಕೀ ಎಂಬ ಕಿರುಚಾಟಕ್ಕೆ ಪಂಚರೊಬ್ಬರು ಕಿವಿ ಮುಚ್ಚಿಕೊಂಡರು.

"ಯಾಕಮ್ಮ?" ಎಂದರು ಇನ್ಸ್‌ಪೆಕ್ಟರ್.

"ಕ್ಲೋರಿನ್ ಅಳೆಯೋ ಕಡ್ಡಿ ಸತ್ತೋಯ್ತು ಸಾರ್. ನೀರು ಚೆನ್ನಾಗಿದ್ರೂ ಸೊನ್ನೆ ತೋರ್ಸುತ್ತೆ. ಸೊನ್ನೆ ಹೋದ್ರೆ ಪಂಪ್ ನಿಲ್ಲಿಸ್ಬೇಕು ಅಂತ ರೂಲು. ಪಂಪ್ ನಿಂತ್ರೆ ದಿಬ್ಬದ ಮೇಲಿನ ಹೆರಿಗೆ ಆಸ್ಪತ್ರೆ ತೊಟ್ಟಿ ಅರ್ಧ ದಿನಕ್ಕೆ ಖಾಲಿ."

"ಕಚೇರಿಗೆ ಹೇಳ್ಬಹುದಿತ್ತಲ್ಲ?"

"ಮೂರು ಸಲ ಬರ್ದೆ. ‘ಬರುತ್ತೆ, ಕಾಯಿರಿ’ ಅಂತ ರುಜು ಹಾಕಿದ್ದು ಇವರೇ."

ಎಂಜಿನಿಯರ್ ತಮ್ಮ ಬೂಟುಗಳನ್ನು ಮೊದಲ ಸಲ ನೋಡುವವರಂತೆ ನೋಡಿಕೊಂಡರು.

"ನೀರು ನಿಜವಾಗ್ಲೂ ಕೆಟ್ಟಿದ್ರೆ?"

ಆಕೆ ಬೀರುವಿನಿಂದ ಇನ್ನೊಂದು ವಸ್ತು ತೆಗೆದಳು. ಗೀಟು ಹಾಕಿದ ನೋಟ್‌ಪುಸ್ತಕ. ದಿನಕ್ಕೆ ಆರು ಸಲ ಗಾಜಿನ ಕೊಳವೆಗೆ ನೀರು ತುಂಬಿ, ಔಷಧದ ಹನಿ ಬಿಟ್ಟು, ಎದ್ದ ಹಳದಿ ಬಣ್ಣವನ್ನು ಕಾರ್ಡಿಗೆ ಹೋಲಿಸಿ ಪೆನ್ಸಿಲಿನಲ್ಲಿ ಬರೆದಿದ್ದಳು. "ಯಂತ್ರಕ್ಕೆ ಸುಳ್ಳು ಹೇಳ್ದೆ ಸಾರ್. ನೀರಿಗೆ ಹೇಳಿಲ್ಲ."

4:15ಕ್ಕೆ ಪ್ರಯೋಗಾಲಯದ ಫೋನ್ ಬಂತು: ಆರೂ ಬಾಟಲಿಗಳ ನೀರು ಶುದ್ಧ. ಎಂಜಿನಿಯರ್ ಗೋಡೆಗೊರಗಿ ಉಸಿರುಬಿಟ್ಟರು. ಹೊಸ ಕಡ್ಡಿ ತರಲು ತಾವೇ ಉಗ್ರಾಣಕ್ಕೆ ಹೊರಟರು.

"ಆದ್ರೂ ನಿಮ್ಮನ್ನ ಬಂಧಿಸ್ಲೇಬೇಕಮ್ಮ," ಎಂದರು ಇನ್ಸ್‌ಪೆಕ್ಟರ್. "ನಿಮ್ಮ ಕಣ್ಣು ಒಂದು ಸಲ ತಪ್ಪಿದ್ರೂ ಊರೇ ಹಾಸಿಗೆ ಹಿಡೀತಿತ್ತು."

"ತಪ್ಪು ತಪ್ಪೇ ಸಾರ್. ನಡೀರಿ."

5:10ಕ್ಕೆ ಬಂಧನ ದಾಖಲಾಯಿತು. ನೋಟ್‌ಪುಸ್ತಕವನ್ನು ಇನ್ಸ್‌ಪೆಕ್ಟರ್ ಪ್ರತ್ಯೇಕ ಲಕೋಟೆಯಲ್ಲಿಟ್ಟು, ‘ಆರೋಪಿಯ ಪರವಾಗಿ ಗಮನಿಸತಕ್ಕದ್ದು’ ಎಂದು ಬರೆದು ರುಜು ಹಾಕಿದರು. ಕಚೇರಿಯ ಮೂರು ‘ಕಾಯಿರಿ’ ಪತ್ರಗಳೂ ಅದರೊಳಗೇ ಹೋದವು. ಠಾಣೆಯಲ್ಲೇ ಜಾಮೀನು ಕೊಡಬಹುದಾದ ಪ್ರಕರಣ ಅದು.

ಹೇಳಿಕೆಯ ಕೊನೆಯಲ್ಲಿ ಆಕೆ ಒಂದು ಮಾತು ಸೇರಿಸಿದ್ದಳು. ಇಪ್ಪತ್ತಮೂರು ವರ್ಷದ ಹಿಂದೆ ಅದೇ ಹೆರಿಗೆ ಆಸ್ಪತ್ರೆಯಲ್ಲಿ ಆಕೆಗೆ ಮಗಳು ಹುಟ್ಟಿದ ದಿನ ನಲ್ಲಿಗಳು ಒಣಗಿದ್ದವು. ಕೂಸನ್ನು ತೊಳೆಯಲು ದಾದಿ ಮನೆ ಮನೆ ತಿರುಗಿ ಒಂದು ಚೆಂಬು ನೀರು ತಂದಿದ್ದಳು. ಮರುವರ್ಷವೇ ಪಂಪಕ್ಕ ಪಂಪ್‌ಹೌಸಿಗೆ ಅರ್ಜಿ ಹಾಕಿದ್ದಳು.

6:30ಕ್ಕೆ ಜಾಮೀನಿಗೆ ರುಜು ಹಾಕಲು ಬಂದವಳು ಆ ಮಗಳೇ. ರುಜು ಹಾಕಿ, ಪೆನ್ನು ಮುಚ್ಚಿ, ತಾಯಿಯ ಕಡೆ ತಿರುಗಿದಳು.

"ಅಲ್ಲಮ್ಮಾ, ಕಿರುಚೋಕೆ ಟೇಪ್ ಯಾಕೆ ಬೇಕಿತ್ತು? ನನ್ನ ಕರೀಬಾರ್ದಿತ್ತಾ? ಎಂಜಿನಿಯರ್ ಸಾಹೇಬ್ರ ಕಿವೀಲೇ ಕಿರುಚ್ತಿದ್ದೆ. ಕಡ್ಡಿ ಅವತ್ತೇ ಬರ್ತಿತ್ತು!"