ಏಳನೇ ದೃಶ್ಯದ ಎರಡು ಉತ್ತರ

"ಏಳನೇ ದೃಶ್ಯದಲ್ಲಿ ಒಂದೇ ಸಲ ಉತ್ತರ ಕೊಡು. ವಾಪಸ್ ಬಂದು ಇನ್ನೊಂದನ್ನ ಒತ್ತಬೇಡ. ಎರಡನ್ನೂ ನೋಡಿದೀನಿ ಅಂತ ಪಟ್ಟೀಲಿ ಸುಮ್ನೆ ಟಿಕ್ ಹಾಕ್ಬಿಡು," ಎಂದರು ಎಡಿಟರ್.

ಹೊಸ ಹುಡುಗಿ ನಕ್ಕುಬಿಟ್ಟಳು. ನಗದೆ ಇನ್ನೇನು ಮಾಡಿಯಾಳು? ಅವಳನ್ನು ಕರೆದು ತಂದಿದ್ದೇ ವಾಪಸ್ ಬಂದು ಒತ್ತಲಿಕ್ಕೆ. ಅವರು ತಯಾರಿಸಿದ್ದು ಸಿನಿಮಾದಂಥ ಆಟ. ಕೊಲೆಯ ಜಾಡು ಹಿಡಿದು ಸಾಗುವ ಕತೆ ಅಲ್ಲಲ್ಲಿ ನಿಂತು ಪ್ರಶ್ನೆ ಕೇಳುತ್ತದೆ. ಆಡುವವರು ಒತ್ತಿದ ಉತ್ತರದಂತೆ ಕವಲೊಡೆಯುತ್ತದೆ. ಒಂದು ಕವಲು ನೋಡಿ, ಹಿಂದಕ್ಕೆ ಬಂದು, ಇನ್ನೊಂದನ್ನೂ ನೋಡಿ ತಪ್ಪು ಹುಡುಕುವುದು ಪರೀಕ್ಷಕಿಯ ಕೆಲಸ. ಹಳೆಯ ಕಚೇರಿಯಲ್ಲಿ ಅವಳನ್ನು ಇಕ್ಕಳ ಎಂದೇ ಕರೆಯುತ್ತಿದ್ದರು. ಹಿಡಿದರೆ ಬಿಡುವವಳಲ್ಲ.

ಎಡಿಟರ್ ದನಿ ತಗ್ಗಿಸಿದರು. "ಅದರಲ್ಲಿರೋ ಮುದುಕ ನಟ ಅಲ್ಲಮ್ಮ. ನಿಜವಾಗ್ಲೂ ಮಾಟ ಮಾಡ್ತಿದ್ದವ್ನು. ಅಸಲಿಯಾಗಿರ್ಲಿ ಅಂತ ಡೈರೆಕ್ಟರ್ ಕರೆಸಿದ್ರು. ಶೂಟಿಂಗಲ್ಲಿ ಕ್ಯಾಮೆರಾ ಹಿಂದೆ ನಿಂತು ಆ ಮುದುಕನಿಗೆ ಎರಡೂ ಉತ್ತರ ಹೇಳಿದ್ದು ಡೈರೆಕ್ಟರೇ. ಈಗ ಅವ್ರ ಮನೇಲಿ ಯಾರೂ ಉಳಿದಿಲ್ಲ."

"ಅಣ್ಣಾ, ಕತೆ ಬರೆಯೋರು ಬೇರೆ ಇದ್ದಾರೆ. ನೀವ್ಯಾಕೆ ಅವ್ರ ಹೊಟ್ಟೆ ಮೇಲೆ ಹೊಡೀತೀರಾ?"

ಅವರು ನಗಲಿಲ್ಲ. ಬಾಗಿಲು ಎಳೆದುಕೊಂಡು ಹೋದರು.

ಹೊರಗೆ ಮಟಮಟ ಮಧ್ಯಾಹ್ನ. ಒಳಗೆ ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆದಿದ್ದರಿಂದ ಪರದೆಯ ಬೆಳಕು ಬಿಟ್ಟರೆ ಬರೀ ಕತ್ತಲೆ. ಕಾದ ಯಂತ್ರದ ವಾಸನೆ, ತೇವ ಹಿಡಿದ ಗೋಡೆಯ ಮುಗ್ಗಲು ನಾತ. ಆರು ದೃಶ್ಯ ಮುಗಿಸುವಷ್ಟರಲ್ಲಿ ಅವಳಿಗೆ ಆಕಳಿಕೆ ಬಂದಿತ್ತು.

ಏಳನೆಯದರಲ್ಲಿ ಮುದುಕ ನೆಲದ ಮೇಲೆ ಕೂತಿದ್ದ. ಎದುರಿಗೆ ಕೂದಲು ಸುತ್ತಿದ ಎರಡು ಮೇಣದ ಗೊಂಬೆ, ಒಂದು ದೊಡ್ಡದು, ಒಂದು ಚಿಕ್ಕದು. ಕೈಯಲ್ಲಿ ಗೋಣಿ ಹೊಲಿಯುವ ದಬ್ಬಳ.

"ಇಬ್ಬರಲ್ಲಿ ಒಬ್ಬರನ್ನ ಉಳಿಸ್ತೀನಿ. ಯಾರನ್ನ?"

ಕೆಳಗೆ ಎರಡು ಉತ್ತರ ಮೂಡಿದವು: ಹಿರಿಯ ಜೀವ. ಕಿರಿಯ ಜೀವ. ಅಪ್ಪ ತೀರಿಕೊಂಡ ಮೇಲೆ ಅವಳಿಗೆ ಈ ಲೋಕದಲ್ಲಿ ಇದ್ದದ್ದೂ ಇಬ್ಬರೇ, ಅಮ್ಮ ಮತ್ತು ತಮ್ಮ. ಆದರೆ ಆಟ ಆಡುವಾಗ ಅದೆಲ್ಲ ಯಾರಿಗೆ ನೆನಪಾಗುತ್ತದೆ? ಕಿರಿಯ ಜೀವ ಎಂಬುದನ್ನು ಒತ್ತಿದಳು. ದಬ್ಬಳ ದೊಡ್ಡ ಗೊಂಬೆಯ ಎದೆಗೆ ಇಳಿಯಿತು. ಕೂದಲು ಸುಟ್ಟ ವಾಸನೆ ಮೂಗಿಗೆ ಅಡರಿತು. ಎಲ್ಲೋ ವೈರು ಸುಡುತ್ತಿದೆ ಎಂದು ಬಗ್ಗಿ ನೋಡಿದಳು, ಏನೂ ಇರಲಿಲ್ಲ. ಟಿಕ್ ಹಾಕಿ, ಅಭ್ಯಾಸದಂತೆ ಹಿಂದಕ್ಕೆ ಬಂದಳು.

ಮುದುಕ ಈ ಸಲ ಗೊಂಬೆ ನೋಡಲಿಲ್ಲ. ಅವಳನ್ನು ನೋಡಿದ.

"ಆಗ್ಲೇ ಹೇಳಿದ್ಯಲ್ಲ. ಮನಸ್ಸು ಬದಲಾಯ್ತಾ?"

ಈ ಮಾತು ಪಟ್ಟಿಯಲ್ಲಿ ಇರಲಿಲ್ಲ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ತಮ್ಮ.

"ಅಕ್ಕಾ, ಅಮ್ಮ ಪಾತ್ರೆ ತೊಳೀತಾ ತೊಳೀತಾ ಬಿದ್ಬಿಟ್ಲು. ಉಸಿರೇ ಇಲ್ಲ ಅಕ್ಕಾ. ಏನ್ ಮಾಡ್ಲಿ..."

ಅವಳು ಯೋಚಿಸಲಿಲ್ಲ. ಇಷ್ಟು ವರ್ಷ ಬೆರಳಿಗೆ ಗೊತ್ತಿದ್ದದ್ದು ಒಂದೇ, ತಪ್ಪಾದರೆ ಇನ್ನೊಂದು ಒತ್ತು. ಒತ್ತಿದಳು. ಹಿರಿಯ ಜೀವ.

ದೊಡ್ಡ ಗೊಂಬೆಯಿಂದ ದಬ್ಬಳ ಈಚೆಗೆ ಬಂತು. ಚಿಕ್ಕದಕ್ಕೆ ಇಳಿಯಿತು. ಫೋನಿನಲ್ಲಿ ತಮ್ಮನ ಮಾತು ಅರ್ಧಕ್ಕೇ ನಿಂತಿತು. ಏನೋ ದಪ್ಪನೆ ಬಿದ್ದ ಸದ್ದು. ಆಮೇಲೆ ಅಮ್ಮನ ಸ್ವರ.

"ಮಗೂ, ನೀನಾ? ನಂಗೇನೋ ಕಣ್ಣು ಕತ್ತಲೆ ಬಂದಿತ್ತು ಕಣೇ. ಎದ್ದು ನೋಡ್ತೀನಿ, ಇವನು ಇಲ್ಲಿ ಬಿದ್ದಿದ್ದಾನೆ. ಏಳ್ತಾ ಇಲ್ಲ. ಮೈ ತಣ್ಣಗಿದೆ."

ಅವಳು ಹಿಂದಕ್ಕೆ ಬಂದಳು. ಮುದುಕ ಕಾಯುತ್ತಲೇ ಇದ್ದ.

"ಇದು ಕೊನೇದು. ಆಮೇಲೆ ಕೇಳಲ್ಲ."

ಪರದೆಯ ಮೇಲೆ ಹತ್ತು ಸೆಕೆಂಡು. ಒಂಬತ್ತು. ಅವಳು ಪ್ಲಗ್ಗು ಕಿತ್ತಳು. ಪರದೆ ಆರಲಿಲ್ಲ. ಏಳು. ಎಡಿಟರನ್ನು ಕೂಗಿದಳು. ಯಾರೂ ಬರಲಿಲ್ಲ. ಐದು.

"ಬೇಗ ಬಾರೇ," ಅಮ್ಮ ಅಳುತ್ತಿದ್ದಳು. "ಒಬ್ಳೇ ಇದೀನಿ. ಭಯ ಆಗ್ತಿದೆ."

ಮೂರು. ತಮ್ಮನಿಗೆ ಹದಿನಾರು ವರ್ಷ. ಎರಡು.

"ಅಮ್ಮಾ, ತಪ್ಪಾಯ್ತಮ್ಮಾ," ಎಂದಳು. ಒತ್ತಿದಳು.

ಅಮ್ಮ ಅದಕ್ಕೆ ಏನೋ ಹೇಳಹೊರಟಿದ್ದಳು. ಅದು ಏನೆಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ಪರದೆ ಕಪ್ಪಾಯಿತು. ಫೋನಿನಲ್ಲಿ ಬಹಳ ಹೊತ್ತು ಬರೀ ನಲ್ಲಿಯ ನೀರಿನ ಸದ್ದು. ನಂತರ ಯಾರೋ ಕೆಮ್ಮಿದರು.

"ಅಕ್ಕಾ." ತಮ್ಮನ ದನಿ. "ಬಿದ್ದಿದ್ದಾಗ ನಂಗೊಬ್ಬ ಮುದುಕ ಕಾಣಿಸ್ದ. ನೀನು ಎರಡನೇ ಸಲ ನನ್ನ ಬಿಟ್ಟು ಅಮ್ಮನ್ನ ಉಳಿಸು ಅಂದೆ, ಮೂರನೇ ಸಲ ಅಮ್ಮನ್ನ ಬಿಟ್ಟೆ ಅಂದ. ಸುಳ್ಳು ಅಲ್ವಾ?"

ಸುಳ್ಳು ಎಂದುಬಿಡಬಹುದಿತ್ತು. ಸತ್ತ ತಾಯಿಯ ಪಕ್ಕ ಕೂತ ಹುಡುಗನಿಗೆ ಅವಳಿಂದ ಅದನ್ನು ಹೇಳಲು ಆಗಲಿಲ್ಲ.

"ನಿಜ ಕಣೋ," ಎಂದಳು.

ತಮ್ಮ ಫೋನಿಟ್ಟ. ಅವನು ಈಗಲೂ ಅದೇ ಮನೆಯಲ್ಲಿದ್ದಾನೆ, ಅವಳು ಬಡಿಸಿದ್ದನ್ನು ತಲೆ ತಗ್ಗಿಸಿ ಉಣ್ಣುತ್ತಾನೆ. ಅವಳ ಜೊತೆ ಮಾತಾಡುವುದಿಲ್ಲ.