ಬಲಿಯದ ದನಿ

“ಆ ಟೇಪನ್ನ ಮುಟ್ಟಬೇಡಿ. ಅದರಲ್ಲಿರೋದು ನನ್ನ ಹಾಡಲ್ಲ, ನನ್ನ ಗಂಟಲು,” ಎಂದಳು ಗಾಯಕಿ. ಅದು ಮಾತಲ್ಲ, ಒಣಗಿದೆಲೆ ಉಜ್ಜಿದ ಹಾಗೆ ಬರೀ ಉಸಿರು. ಒಂದು ಕಾಲಕ್ಕೆ ಮನೆಮನೆಯಲ್ಲೂ ಹಾಡುತ್ತಿದ್ದ ಬಾಲತಾರೆ ಈಕೆಯೇ. ದನಿ ಬಲಿಯುವ ವಯಸ್ಸು ಹತ್ತಿರ ಬಂದಾಗ, ಅದು ಬಲಿಯದೇ ಇರಲಿ ಎಂದು ಹೆತ್ತ ತಾಯಿಯೇ ಮಾಟಗಾರನನ್ನು ಕರೆಸಿದ್ದಳಂತೆ. ದನಿ ಬಲಿಯಲಿಲ್ಲ, ಟೇಪಿನೊಳಗೇ ಉಳಿದುಬಿಟ್ಟಿತು. “ಎಬ್ಬಿಸಿದರೆ ಅದು ಇನ್ನೊಂದು ಮಗುವಿನ ಗಂಟಲು ಹುಡುಕುತ್ತೆ.”

ರೆಕಾರ್ಡ್ ಕಂಪನಿಗೆ ಹೊಸದಾಗಿ ಸೇರಿದ್ದ ಮ್ಯಾನೇಜರ್ ನಕ್ಕುಬಿಟ್ಟ. “ಅಡಗೂಲಜ್ಜಿ ಕತೆ ಬಿಡಿ ಅಕ್ಕಾ. ಹಳೇ ಆಲ್ಬಮ್ ಮತ್ತೆ ಬಂದರೆ ಹೆಸರು ನಿಮಗೇ ಅಲ್ವಾ?”

ಮರುದಿನ ಸ್ಟುಡಿಯೋದಲ್ಲಿ ಟೇಪ್ ತಿರುಗಿತು. ಸುಟ್ಟ ಕೂದಲಿನ ಕಮಟು ಕೋಣೆ ತುಂಬಿತು. ಜೇನಿನಂಥ ದನಿ. ಆದರೆ ಎರಡು ಹಾಡುಗಳ ನಡುವೆ ಮಗುವೊಂದು ಬಿಕ್ಕಿತು: “ಅಮ್ಮಾ, ಗಂಟಲು ಉರೀತಿದೆ. ಸಾಕಮ್ಮಾ.” ಫಟ್ಟನೆ ಏಟು ಬಿದ್ದ ಸದ್ದು. ಆಮೇಲೆ ಮತ್ತೆ ಹಾಡು.

ಸೌಂಡ್ ಇಂಜಿನಿಯರ್ ಕೈ ಹಿಂದೆಗೆದ. “ಸಾರ್, ಇದು ಬೇಡ.”

“ಅಳೋದನ್ನ ಕತ್ತರಿಸು. ಹಾಡು ಚೆನ್ನಾಗಿದೆಯಲ್ಲ.” ಹೇಳುವಾಗ ಮ್ಯಾನೇಜರನ ಕಿವಿ ಬಿಸಿಯಾಯಿತು. ಆದರೂ ಹೇಳಿದ.

ಸಂಜೆ ಮನೆಗೆ ಬಂದರೆ ಒಳಕೋಣೆಯಿಂದ ಅದೇ ಹಾಡು. ಅವನ ಏಳು ವರ್ಷದ ಮಗಳು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅವಳು ಎಂದೂ ಕೇಳಿರದ ಹಾಡು. ಅವಳದಲ್ಲದ ದನಿ. ಅದೇ ಕಮಟು.

ಹೆದರಬೇಕಿತ್ತು. ಓಡಿಹೋಗಿ ಎತ್ತಿಕೊಳ್ಳಬೇಕಿತ್ತು. ಅವನು ಫೋನ್ ತೆಗೆದು ರೆಕಾರ್ಡಿಂಗ್ ಒತ್ತಿದ.

“ಎಷ್ಟು ಚೆನ್ನಾಗಿ ಹಾಡ್ತೀಯೇ ಪುಟ್ಟಾ! ಇನ್ನೊಂದ್ಸಲ ಹಾಡು, ಈ ಕಡೆ ತಿರುಗಿ.”

ಅವಳು ತಿರುಗಿದಳು. ತುಟಿಯಂಚಲ್ಲಿ ರಕ್ತ. ಕಣ್ಣಲ್ಲಿ ನೀರು. ಬಾಯಿ ನಿಲ್ಲಲಿಲ್ಲ. ಎರಡು ಸಾಲುಗಳ ನಡುವೆ, ಅವಳದೇ ಪುಟ್ಟ ದನಿ: “ಅಪ್ಪಾ, ಸಾಕಪ್ಪಾ.”

ಫೋನ್ ಕೈಜಾರಿತು. ಮಗಳನ್ನು ಹೆಂಡತಿಯ ಮಡಿಲಿಗೆ ಹಾಕಿ ಓಡಿದ. ಸ್ಟುಡಿಯೋ. ಕಂಪ್ಯೂಟರಿಗೆ ಇಳಿಸಿದ್ದೆಲ್ಲ ಅಳಿಸಿದ. ಟೇಪ್ ಕಿತ್ತ. ಹಿತ್ತಲಿಗೆ ಬಂದ. ಕಡ್ಡಿ ಗೀರಿದ. ಆರಿತು. ಮತ್ತೆ ಗೀರಿದ. ಹೊಗೆಯೊಳಗಿಂದ ಯಾರೋ ಕಿರುಚಿದರು. ಮತ್ತೆ ಕಿರುಚಿದರು. ಆಮೇಲೆ ಏನೂ ಇಲ್ಲ.

ಮಗಳು ಉಳಿದಳು. ಗಾಯ ಮಾಯಿತು. ಆಲ್ಬಮ್ ಬರಲಿಲ್ಲ, ಅವನು ಕೆಲಸ ಬಿಟ್ಟ. ಅಮ್ಮನ ಜೊತೆ ಅವಳು ಅರಳು ಹುರಿದಂತೆ ಮಾತಾಡುತ್ತಾಳೆ. ಅಪ್ಪ ಹೊಸಿಲು ದಾಟಿದರೆ ಮಾತ್ರ ಗಂಟಲು ಕಟ್ಟುತ್ತದೆ. ತುಟಿ ಅಲ್ಲಾಡುತ್ತದೆ, ಸದ್ದು ಬರುವುದಿಲ್ಲ. ಡಾಕ್ಟರು ಗಂಟಲಲ್ಲಿ ಯಾವ ದೋಷವೂ ಇಲ್ಲ ಎನ್ನುತ್ತಾರೆ.

ಈಗ ಅವನು ಮನೆಗೆ ಬಂದರೆ ಚಪ್ಪಲಿ ಕಳಚಿ, ಕಳ್ಳನ ಹಾಗೆ ಬಾಗಿಲಾಚೆ ನಿಲ್ಲುತ್ತಾನೆ. ಒಳಗೆ ಮಗಳು ಏನೋ ಹೇಳಿಕೊಂಡು ನಗುತ್ತಿರುತ್ತಾಳೆ. ಅವನು ನಿಂತಿರುವುದು ಹೆಂಡತಿಗೆ ಗೊತ್ತು. ಅವಳು ಬಾಗಿಲು ತೆಗೆಯುವುದಿಲ್ಲ.