ಒಲಿಂಡಾ ಚಾರ್ಜು ತೆಗೆದುಕೊಂಡ ಮನೆ

"ಇರುವುದಾದರೆ ಇರಿ, ಬಾಯಮ್ಮ. ಉಣ್ಣಿ, ಮಲಗಿ, ಬಾವಿಯ ನೀರು ಸೇದಿ. ಆದರೆ ಈ ಮನೆಯದ್ದು ಯಾವುದನ್ನೂ 'ನನಗೆ ಸಿಕ್ಕಿತು' ಅಂತ ಬಾಯಿಬಿಟ್ಟು ಹೇಳಬೇಡಿ. ಸತ್ರದಲ್ಲಿ ಇಳಿದುಕೊಂಡ ಹಾಗೆ ಇದ್ದುಬಿಡಿ."

ಬೀಗದ ಕೈ ಕೊಡುವಾಗ ನೆರೆಮನೆಯ ನಳಿನಾಕ್ಷಿ ಹೇಳಿದ ಮಾತು ಇದು. ಮಡಿಲಲ್ಲಿ ಮಲ್ಲಿಗೆ ಮೊಗ್ಗು, ಬೆರಳಲ್ಲಿ ಬಾಳೆನಾರು. ಶಂಕರಪುರದ ಹೆಂಗಸರ ಕೈ ಮಾತಾಡುವಾಗಲೂ ಹೂ ಕಟ್ಟುತ್ತಲೇ ಇರುತ್ತದೆ. ಈ ಮಾತು ಆಡುವಾಗ ಅವಳ ಕೈ ನಿಂತಿತ್ತು. ಒಲಿಂಡಾ ಅದನ್ನು ಗಮನಿಸಲಿಲ್ಲ, ನಕ್ಕುಬಿಟ್ಟಳು.

"ನಳಿನಕ್ಕಾ, ನಾನು ಎಷ್ಟು ಕಂಟೋನ್ಮೆಂಟಿನಲ್ಲಿ ಮನೆ ಮಾಡಿದವಳು ಗೊತ್ತುಂಟಾ? ಅಂಬಾಲಾದ ಕ್ವಾರ್ಟರ್ಸಿನಲ್ಲಿ ದೊರೆಯ ಭೂತ ಉಂಟು ಅಂತ ಹೆದರಿಸಿದ್ದರು. ಹುಡುಕಿ ನೋಡಿದರೆ ಇದ್ದದ್ದು ಗೆದ್ದಲು."

ಚೀನಾದ ಯುದ್ಧ ಮುಗಿದ ಮರುವರ್ಷ. ಅವಳ ಗಂಡ ಹವಲ್ದಾರ್ ಅಲೆಕ್ಸಾಂಡರನನ್ನು ಗಡಿಯ ಹಿಮದ ಠಾಣೆಗೆ ಹಾಕಿದ್ದರು. ಅಲ್ಲಿಗೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಕ್ವಾರ್ಟರ್ಸು ಖಾಲಿ ಮಾಡಿ, ಟ್ರಂಕು ಕಟ್ಟಿ, ಐದು ವರ್ಷದ ಮಗಳು ಲಿಡ್ವಿನಳ ಕೈ ಹಿಡಿದು ಒಲಿಂಡಾ ಊರಿಗೆ ಬಂದಳು. ಗಂಡನ ಅಣ್ಣ ಜೋಕಿಮನ ಮನೆಯಲ್ಲಿ ಕಾಲು ಚಾಚಲೂ ಜಾಗವಿರಲಿಲ್ಲ. ಮತ್ತೆ ಮನೆ ಹುಡುಕಾಟ. ಕಾಪುವಿನಲ್ಲಿ ನೋಡಿದ ಮನೆಗೆ ಕಡಲಿನ ಉಪ್ಪುಗಾಳಿ. ಟ್ರಂಕು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಕಾರ್ಕಳದ ಮನೆಗೆ ಕಾದ ಬಂಡೆಯ ಸೆಕೆ. ಉಡುಪಿಯ ಪೇಟೆಯ ಕೋಣೆಗೆ ಕೆಳಗಿನ ಹೋಟೆಲಿನ ಹೊಗೆ. ಯಾವುದೂ ಮನಸ್ಸಿಗೆ ಬರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಸುಸ್ತಾಗಿತ್ತು. ಗಂಡ ಬದುಕಿ ಬಂದ ದಿನ ಮಗಳು ಅಂಗಳದಿಂದಲೇ ಓಡಿಹೋಗಿ ಅವನ ಕೊರಳಿಗೆ ಬೀಳಬೇಕು. ಅಂಥ ಒಂದು ಅಂಗಳ ಸಿಕ್ಕಿದರೆ ಸಾಕಾಗಿತ್ತು.

ಶಂಕರಪುರದ ಈ ಮನೆಗೆ ಅಂಗಳವಿತ್ತು. ಹಾಗಾಗಿ ಭಾವ ಬೇಡವೆಂದರೂ ಅವಳು ಕೇಳಲಿಲ್ಲ.

"ಅದು ಮುದ್ದಣ್ಣನ ಮನೆ ಮಾರಾಯ್ತಿ," ಎಂದಿದ್ದ ಜೋಕಿಮ್. "ಅವನ ಹೆಂಡತಿ ಗುಣವತಿಗೆ ಮಕ್ಕಳಿರಲಿಲ್ಲ. ಮೈದುನನ ಮಕ್ಕಳು ತನ್ನವೇ ಆಗಬೇಕು ಅಂತ ಮಾಟ ಮಾಡಿಸಿದಳು. ಮಕ್ಕಳು ಹೆತ್ತವಳನ್ನೇ ಮರೆತವಂತೆ. ಆ ತಾಯಿ ಬಾಗಿಲು ಬಡಿದು ಬಡಿದು ಜಗಲಿಯಲ್ಲೇ ಸತ್ತಳು. ಈಗ ಅವರು ಯಾರೂ ಇಲ್ಲ. ಮಾಟ ಮಾತ್ರ ಉಂಟು."

"ನಮಗೆ ಜಪಸರ ಉಂಟಲ್ಲ, ಭಾವ," ಎಂದು ಒಲಿಂಡಾ ಮೂಗು ಮುರಿದಿದ್ದಳು.

ಸೈನ್ಯದಲ್ಲಿ ಒಂದು ಪದ್ಧತಿಯಿದೆ. ಹೊಸ ಕ್ವಾರ್ಟರ್ಸಿಗೆ ಹೋದವರು ಸುಮ್ಮನೆ ಒಳಗೆ ನುಗ್ಗುವಂತಿಲ್ಲ, ಚಾರ್ಜು ತೆಗೆದುಕೊಳ್ಳಬೇಕು. ಒಬ್ಬ ಒಂದೊಂದೇ ಸಾಮಾನು ಕೂಗುತ್ತಾನೆ. ಬಂದವರು ಮುಟ್ಟಿ ನೋಡಿ 'ಸಿಕ್ಕಿತು' ಎನ್ನಬೇಕು. ಬಿಟ್ಟು ಹೋಗುವಾಗ ಹಾಗೆಯೇ ಹಿಂದೆ ಒಪ್ಪಿಸಬೇಕು. ಕಡಿಮೆ ಬಿದ್ದದ್ದನ್ನು ತುಂಬಿಕೊಡಬೇಕು. ಮದುವೆಯಾದಂದಿನಿಂದ ಒಲಿಂಡಾಳಿಗೆ ಇದು ಎಷ್ಟು ರೂಢಿಯಾಗಿತ್ತೆಂದರೆ, ಚಾರ್ಜು ತೆಗೆದುಕೊಳ್ಳದ ಮನೆಯಲ್ಲಿ ನಿದ್ದೆಯೇ ಬರುತ್ತಿರಲಿಲ್ಲ. ಲಿಡ್ವಿನಳಿಗಂತೂ ಅದು ಆಟ.

"ಬಾಗಿಲು!" ಲಿಡ್ವಿನ್ ಸಿಪಾಯಿಯಂತೆ ಎದೆಯುಬ್ಬಿಸಿ ಕೂಗಿದಳು.

"ಸಿಕ್ಕಿತು!"

"ಒರಳುಕಲ್ಲು!"

"ಸಿಕ್ಕಿತು!"

ನಗುತ್ತ ನಗುತ್ತ ಒಳಕೋಣೆಗೆ ಬಂದರು. ಕಿಟಕಿಯಿಲ್ಲದ ಕೋಣೆ. ಬಾವಲಿಯ ಹಿಕ್ಕೆಯ ವಾಸನೆ. ತೊಲೆಯ ಮೇಲೆ, ಬಾಯಿಗೆ ಬಟ್ಟೆ ಬಿಗಿದ ಒಂದು ಮಣ್ಣಿನ ಗಡಿಗೆ.

"ಗಡಿಗೆ!"

"ಸಿಕ್ಕಿತು," ಎಂದಳು ಒಲಿಂಡಾ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗೆ.

ಅಷ್ಟಕ್ಕೇ ಬಿಡಲಿಲ್ಲ. ಕೊಳೆ ಕಂಡರೆ ಅವಳಿಗೆ ಆಗದು. ಗಡಿಗೆ ಇಳಿಸಿ ಬಟ್ಟೆ ಬಿಚ್ಚಿದಳು. ಒಳಗೆ ಉದ್ದ ಕೂದಲಿನ ಒಂದು ಗಂಟು, ಕಪ್ಪು ದಾರ, ಒಣಗಿ ಕರಿಯಾದ ಮಲ್ಲಿಗೆ. "ಶೀ!" ಎಂದು ಅಷ್ಟನ್ನೂ ಬಚ್ಚಲೊಲೆಗೆ ಸುರಿದು, ಗಡಿಗೆ ತಿಕ್ಕಿ ತೊಳೆದು ಕವುಚಿಟ್ಟಳು. ಸುಟ್ಟ ಕೂದಲಿನ ಕಮಟು ವಾಸನೆ ಮನೆಯಿಡೀ ಹರಡಿತು. ಅದರ ಹಿಂದೆಯೇ ಮಲ್ಲಿಗೆಯ ಪರಿಮಳ. ಬಾಗಿಲು ತೆರೆದಿಟ್ಟರೂ ಎರಡೂ ಹೊರಗೆ ಹೋಗಲಿಲ್ಲ.

ಆಮೇಲೆ ಅವಳಿಗೆ ನೆಮ್ಮದಿಯೆಂಬುದು ಇಲ್ಲವಾಯಿತು. ಮಂಚವನ್ನು ಈ ಗೋಡೆಗೆ ಹಾಕಿದಳು, ಆ ಗೋಡೆಗೆ ಹಾಕಿದಳು. ಮಲಗಿದರೆ ಜಗಲಿಯಲ್ಲಿ ಯಾರೋ ಕೂತಂತೆ. ಎದ್ದು ನೋಡಿದರೆ ಯಾರೂ ಇಲ್ಲ. ಲಿಡ್ವಿನ್ ಮಾತ್ರ ಒಳಕೋಣೆಯ ಹೊಸ್ತಿಲಲ್ಲಿ ಕೂತು ಕತ್ತಲಿನೊಡನೆ ಪಿಸುಗುಟ್ಟುತ್ತಿದ್ದಳು. ಮೊದಲು ತಾಯಿಯ ಕೈತುತ್ತು ಬೇಡವೆಂದಳು. ಆಮೇಲೆ ಪಕ್ಕದಲ್ಲಿ ಮಲಗಲು ಒಲ್ಲೆನೆಂದಳು. 'ಮಾಂಯ್, ಮಾಂಯ್' ಎಂದು ಅಮ್ಮನ ಸೆರಗು ಬಿಡದೆ ಸುತ್ತುತ್ತಿದ್ದ ಮಗು ಈಗ ಕರೆಯುವುದನ್ನೇ ನಿಲ್ಲಿಸಿತ್ತು. ಹೊಸ ಜಾಗ, ಅಪ್ಪನ ನೆನಪು ಎಂದು ಒಲಿಂಡಾ ತನಗೆ ತಾನೇ ಹೇಳಿಕೊಂಡಳು. ಒಂದು ಬೆಳಿಗ್ಗೆ ಜಡೆ ಹಾಕಲು ಕರೆದಾಗ ಲಿಡ್ವಿನ್ ನೆಂಟರ ಮನೆಗೆ ಬಂದವಳಂತೆ ನಯವಾಗಿ ನೋಡಿದಳು.

"ನೀವು ಯಾರು?"

ಒಲಿಂಡಾ ಧಡಕ್ಕನೆ ಎದ್ದಳು. ಹಣಿಗೆ ಎಸೆದು, ಮಗುವನ್ನು ಎತ್ತಿಕೊಂಡು ಜೋಕಿಮನ ಮನೆಗೆ ಓಡಿದಳು. ಅಲ್ಲಿಯೂ ಅದೇ. ಲಿಡ್ವಿನ್ ಉಣ್ಣಲಿಲ್ಲ, ಅಳಲಿಲ್ಲ, ಬಾಗಿಲನ್ನೇ ನೋಡುತ್ತ ಕೂತಳು. "ನನ್ನ ಮನೆಗೆ ಬಿಡಿ," ಎಂದಳು. ಸಂಜೆಯ ಹೊತ್ತಿಗೆ ಮೈ ತಣ್ಣಗಾಗತೊಡಗಿತು. ಆಗ ಒಲಿಂಡಾಳಿಗೆ ಹೊಳೆಯಿತು. ಚಾರ್ಜು ಒಪ್ಪಿಸದೆ ಕ್ವಾರ್ಟರ್ಸು ಬಿಟ್ಟರೆ ಬಿಟ್ಟಂತಲ್ಲ.

ಮೂರುಸಂಜೆಗೆ ಮಗುವನ್ನು ಎತ್ತಿಕೊಂಡು ಮತ್ತೆ ಮುದ್ದಣ್ಣನ ಮನೆಗೆ ಬಂದಳು. ನಳಿನಾಕ್ಷಿ ಮಗುವನ್ನು ಮಡಿಲಲ್ಲಿ ಅವುಚಿಕೊಂಡು ಅಂಗಳದಲ್ಲಿ ಕೂತಳು.

"ಒಳಗೆ ಒಬ್ಬರೇ ಹೋಗಬೇಡಿ, ಬಾಯಮ್ಮ."

"ತೆಗೆದುಕೊಂಡದ್ದು ನಾನೇ ಅಲ್ವಾ? ಕೊಡಬೇಕಾದದ್ದೂ ನಾನೇ. ಮಗುವನ್ನು ಗಟ್ಟಿ ಹಿಡಿದುಕೊಳ್ಳಿ, ನಳಿನಕ್ಕಾ."

ಹೊಸ್ತಿಲು ದಾಟಿದಳು. ಮಲ್ಲಿಗೆಯ ಪರಿಮಳ ಮೂಗಿಗಲ್ಲ, ಗಂಟಲಿಗೇ ಬಡಿಯಿತು.

"ಬಾಗಿಲು!" ಎಂದು ಕೂಗಿದಳು.

ಒಳಕೋಣೆಯಿಂದ, ಬಹಳ ದಿನ ಮಾತಾಡದ ಗಂಟಲಿನಿಂದ ಬಂದ ಹಾಗೆ, ಒಂದು ಹೆಣ್ಣುದನಿ.

"ಸಿಕ್ಕಿತು."

ಒಲಿಂಡಾ ಗೋಡೆ ಹಿಡಿದುಕೊಂಡಳು. ಓಡಲಿಲ್ಲ.

"ಒರಳುಕಲ್ಲು."

"ಸಿಕ್ಕಿತು." ದನಿ ಹತ್ತಿರವಾಗಿತ್ತು.

ಮಂಚ. ಸಿಕ್ಕಿತು. ಬಾವಿಯ ಹಗ್ಗ. ಸಿಕ್ಕಿತು. ಒಳಕೋಣೆ. ಕತ್ತಲು. ಕತ್ತಲಿನಲ್ಲಿ ಉಸಿರು. ಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಮುಂದೆ ಚಾಚಿದಳು.

"ಗಡಿಗೆ."

ತಣ್ಣನೆಯ ಬೆರಳುಗಳು ಅವಳ ಬೆರಳ ಮೇಲೆ ಹಾದುಹೋದವು. ಗಡಿಗೆಯೊಳಗೆ ಏನೋ ತಡಕಾಡಿತು. ಗರಗರ ಸದ್ದು. ನಿಂತಿತು.

"ಒಳಗೆ ಇದ್ದದ್ದು?"

ಅವಳಿಗೆ ಬಚ್ಚಲೊಲೆ ನೆನಪಾಯಿತು. ಆ ಕೂದಲಿನ ಗಂಟು. ಗುಣವತಿ ಒಬ್ಬ ತಾಯಿಯಿಂದ ಕಿತ್ತು ಕಟ್ಟಿಟ್ಟ ತಾಯ್ತನವನ್ನು ಒಲಿಂಡಾ ಕಸವೆಂದು ಸುಟ್ಟಿದ್ದಳು. ಹೊರಗೆ ನಳಿನಾಕ್ಷಿ ಚೀರಿದಳು. "ಬಾಯಮ್ಮಾ! ಮಗು ಉಸಿರಾಡುವುದಿಲ್ಲ!"

"ಕಡಿಮೆ ಬಿದ್ದದ್ದನ್ನು ತುಂಬಿಕೊಡುತ್ತೇನೆ," ಎಂದಳು ಒಲಿಂಡಾ. ಕಣ್ಣೀರು ಬಾಯಿಗೆ ಇಳಿಯುತ್ತಿತ್ತು. "ನನ್ನದನ್ನು ತೆಗೆದುಕೋ. ಎಷ್ಟು ಬೇಕೋ ಅಷ್ಟು. ಅವಳನ್ನು ಬಿಡು. ಅವಳನ್ನು ಬಿಡು."

ಯಾರೋ ಅವಳ ಜಡೆ ಹಿಡಿದರು. ಮೃದುವಾಗಿ. ಒಂದೇ ಒಂದು ಎಳೆ ಕಿತ್ತಂತೆ ಚುರುಕ್ಕೆಂದಿತು. ಅಷ್ಟೇ.

"ಸಿಕ್ಕಿತು."

ಪರಿಮಳ ಹೋಯಿತು. ಕಮಟೂ ಹೋಯಿತು. ಬರಿಯ ಹಳೆ ಮನೆಯ ಧೂಳಿನ ವಾಸನೆ. ಒಲಿಂಡಾ ಹೊರಗೆ ಬಂದಳು. ಮೈ ಹಗುರವಾಗಿತ್ತು. ಅಂಗಳದಲ್ಲಿ ಇನ್ನೂ ತುಸು ಬೆಳಕಿತ್ತು. ನಳಿನಾಕ್ಷಿ ಅಳುತ್ತಲೂ ನಗುತ್ತಲೂ ಎದ್ದು ನಿಂತಿದ್ದಳು. ಅವಳ ಕೈಯಿಂದ ಕೊಸರಿಕೊಂಡು ಒಂದು ಪುಟ್ಟ ಹೆಣ್ಣುಮಗು, ಕೆನ್ನೆ ಕೆಂಪಾಗಿ, ಜಡೆ ಬಿಚ್ಚಿ, "ಮಾಂಯ್! ಮಾಂಯ್!" ಎಂದು ಓಡಿಬಂದು ಅವಳ ಸೊಂಟ ತಬ್ಬಿಕೊಂಡಿತು.

ಪಾಪ, ಎಷ್ಟು ಅತ್ತಿದೆ ಎಂದುಕೊಂಡಳು ಒಲಿಂಡಾ. ಬಗ್ಗಿ, ಸೆರಗಿನಿಂದ ಅದರ ಮೂಗು ಒರೆಸಿದಳು. ಎಲ್ಲಿಯೋ ನೋಡಿದ ಮುಖವೂ ಅಲ್ಲ.

"ನಳಿನಕ್ಕಾ," ಎಂದು ಕೇಳಿದಳು, "ಇದು ಯಾರ ಮನೆಯ ಮಗು? ಕತ್ತಲಾಗುತ್ತಾ ಬಂತು. ಇದರ ತಾಯಿ ಎಲ್ಲೆಲ್ಲಿ ಹುಡುಕುತ್ತಾಳೋ ಏನೋ."